ಗುರುಪಾದಪ್ಪನ ಸ್ಕಾಚ್ ನಾಲಿಗೆ

ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನು ಹತ್ತೊಂಬತ್ತು ವರ್ಷ ಡಿಸ್ಪ್ಯಾಚ್ ಕಾರಕೂನನಾಗಿದ್ದೆ. ದಿನಾ ಬೆಳಗಾವಿಯಿಂದ ರೈಲಿನಲ್ಲಿ ಹೋಗಿ ರೈಲಿನಲ್ಲೇ ಬರುತ್ತಿದ್ದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ರೈಲು ತಪ್ಪಿಸಿಕೊಂಡವನಲ್ಲ. ೧೯೮೦ರಲ್ಲಿ ಹಳೆಯ ಮ್ಯಾನೇಜರರು ನಿವೃತ್ತರಾದಾಗ ಅವರ ಕುರ್ಚಿ ನನ್ನದೇ ಎಂದು ನಾನು ತಿಳಿದಿದ್ದೆ, ಕಾರ್ಖಾನೆಯವರೆಲ್ಲ ತಿಳಿದಿದ್ದರು. ಕುರ್ಚಿ ಹೋದದ್ದು ಸ್ಟೋರ್ ಕೀಪರ್ ಗುರುಪಾದಪ್ಪನಿಗೆ. ಅವನಿಗೆ ಹಂಚು ಗೊತ್ತಿತ್ತೆಂದಲ್ಲ, ಮಣ್ಣು ಗೊತ್ತಿತ್ತೆಂದಲ್ಲ. ಅವನಿಗೆ ಸ್ಕಾಚ್ ವಿಸ್ಕಿ ಗೊತ್ತಿದೆಯಂತೆ!

ಈಗ ಇಷ್ಟು ವರ್ಷಗಳಾದ ಮೇಲೂ ಈ ವಾಕ್ಯ ಬರೆಯುವಾಗ ನನ್ನ ಹೊಟ್ಟೆ ಉರಿಯುತ್ತದೆ. ಉರಿಯಲಿ, ಸುಳ್ಳು ಹೇಳಿ ಏನು ಮಾಡುವುದು?

ನಮ್ಮ ಮಾಲಕರು ಆದಿನಾಥ ಅಣ್ಣಾ. ಬೆಳಗಾವಿಯ ಹಳೆಯ ಜೈನ ಮನೆತನದವರು. ಗಡ್ಡೆ ಗೆಣಸು ತಿನ್ನುವವರಲ್ಲ, ಸೂರ್ಯ ಮುಳುಗಿದ ಮೇಲೆ ನೀರು ಕೂಡ ಮುಟ್ಟುವವರಲ್ಲ. ಇಂಥ ಮನುಷ್ಯನಿಗೆ ದೇವರು ಕೊಟ್ಟ ವ್ಯಾಪಾರ ಎಂಥದೆಂದರೆ, ಗುತ್ತಿಗೆದಾರರಿಗೂ ಇಂಜಿನಿಯರುಗಳಿಗೂ ಒಂದೆರಡು ಬಾಟಲಿ ವಿದೇಶಿ ವಿಸ್ಕಿ ಒಳಗೆ ಇಳಿಯದ ಹೊರತು ಹಂಚಿನ ಗುಣ ಅವರ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಆರ್‌ಸಿಸಿ ಕಾಂಕ್ರೀಟಿನ ಛಾವಣಿ ಹಾಕುವ ಹುಚ್ಚು ಎಲ್ಲೆಡೆ ಹಬ್ಬುತ್ತಿದ್ದ ಕಾಲ. ಹಂಚು ಮಾರುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿತ್ತು, ಬಾಟಲಿಗಳ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಅಣ್ಣಾ ಅವರು ಬಾಟಲಿಯನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಬಿರಡೆ ತೆಗೆಯುವ ಸದ್ದಾದರೆ ಎದ್ದು ಹೋಗಿ ಪಡಸಾಲೆಯಲ್ಲಿ ಬೆನ್ನು ತಿರುಗಿಸಿ ಕೂಡುತ್ತಿದ್ದರು. ಬೆನ್ನು ತಿರುಗಿಸಿದರೆ ಪಾಪ ಅರ್ಧಕ್ಕೆ ಇಳಿಯುತ್ತದೆಂದು ಅವರ ನಂಬಿಕೆ ಇದ್ದಿರಬೇಕು.

ಬಾಟಲಿಗಳು ಬರುತ್ತಿದ್ದದ್ದು ಗೋವಾದಿಂದ. ನಮ್ಮ ಲಾರಿ ಡ್ರೈವರ್ ದುಂಡಪ್ಪ ಇಲ್ಲಿಂದ ಹುಲ್ಲಿನಲ್ಲಿ ಹಂಚು ಜೋಡಿಸಿಕೊಂಡು ಹೋಗುತ್ತಿದ್ದ, ಅಲ್ಲಿಂದ ಅದೇ ಹುಲ್ಲಿನಲ್ಲಿ ಬಾಟಲಿ ಜೋಡಿಸಿಕೊಂಡು ಬರುತ್ತಿದ್ದ. ಗಡಿಯ ತಪಾಸಣೆ ನಾಕಾದಲ್ಲಿ ಹುಲ್ಲಿಗೆ ಕೈ ಹಾಕಿದವರ ಬೆರಳಿಗೆ ಹಂಚಿನ ಚೂರು ಚುಚ್ಚುವಂತೆ ಮೇಲೊಂದು ಪದರ ಒಡಕು ಹಂಚು ಹರಡಿರುತ್ತಿದ್ದ. ಹಡಗಿನಿಂದ ಇಳಿದದ್ದು ಎಂದು ಅವನು ತಂದ ಬಾಟಲಿಗಳಲ್ಲಿ ಎಷ್ಟು ಹಡಗಿನವು, ಎಷ್ಟು ಯಾರದೋ ಹಿತ್ತಲಿನವು ಎಂಬುದು ಅವನಿಗೂ ಗೊತ್ತಿರಲಿಲ್ಲ. ೧೯೭೪ರಲ್ಲಿ ಹುಬ್ಬಳ್ಳಿಯ ಗುತ್ತಿಗೆದಾರರೊಬ್ಬರು ನಮ್ಮ ಸ್ಕಾಚ್ ಕುಡಿದು ಎರಡು ದಿನ ತಲೆ ಹಿಡಿದುಕೊಂಡು ಕುಳಿತರು. ಆರ್ಡರು ಬೇರೆ ಕಾರ್ಖಾನೆಗೆ ಹೋಯಿತು. ಅಣ್ಣಾ ಅವರು ನಮ್ಮೆಲ್ಲರನ್ನೂ ಕರೆದು, ಇದರಲ್ಲಿ ಖರೇದು ಯಾವುದು ಖೋಟಾ ಯಾವುದು ಎಂದು ತಿಳಿಯುವವರು ಈ ಕಾರ್ಖಾನೆಯಲ್ಲಿ ಯಾರಾದರೂ ಇದ್ದೀರಾ ಎಂದು ಕೇಳಿದರು.

ಎಲ್ಲರೂ ನೆಲ ನೋಡಿದೆವು. ನಾನೂ ನೋಡಿದೆ. ಶರಣರ ಮನೆತನದವನು, ಕೊರಳಲ್ಲಿ ಲಿಂಗ ಕಟ್ಟಿದವನು, ಮಾಲಕರ ಮುಂದೆ ನನಗೆ ಹೆಂಡ ಗೊತ್ತು ಎಂದು ಹೇಗೆ ಹೇಳುವುದು? ಗೊತ್ತಿತ್ತು ಎನ್ನುವುದು ಬೇರೆ ಮಾತು. ಬೆಳಗಾವಿಯ ಕ್ಯಾಂಪಿನ ಒಬ್ಬ ಗೃಹಸ್ಥರಿಂದ ನಾನು ಕಿರೀಟದ ಚಿತ್ರವಿದ್ದ ಬಾಟಲಿ ತರಿಸುತ್ತಿದ್ದೆ. ಅದು ಬರೀ ಸ್ಕಾಚಲ್ಲ, ಸ್ಕಾಚುಗಳ ರಾಜ. ಹನ್ನೆರಡು ವರ್ಷ ಪೀಪಾಯಿಯಲ್ಲಿ ಮಲಗಿದ್ದು. ಅಟ್ಟದ ಮೇಲೆ ಟ್ರಂಕಿನ ಹಿಂದೆ ಇಟ್ಟು ದಿನಾ ಸಂಜೆ ಒಂದು ಬೆರಳಿನಷ್ಟು ಸುರುವಿಕೊಂಡು, ಕಣ್ಣು ಮುಚ್ಚಿ, ಅದರ ಗಂಧ, ಅದರ ಗುಣ, ಅದರ ಕುಲೀನತೆಯನ್ನು ಅನುಭವಿಸುತ್ತಿದ್ದೆ. ಹೆಂಡತಿ ಶಿವಲಿಂಗವ್ವನಿಗೆ ಅದು ಮೊಣಕಾಲಿಗೆ ಹಚ್ಚುವ ಔಷಧ ಎಂದು ಹೇಳಿದ್ದೆ. ಅವಳು ಹೂಂ ಎಂದಿದ್ದಳು. ನಂಬಿದ್ದಾಳೆಂದು ನಾನೂ ನಂಬಿದ್ದೆ.

ಆಗ ಹಿಂದಿನಿಂದ ಗುರುಪಾದಪ್ಪ ಮೂಗೊರೆಸಿಕೊಳ್ಳುತ್ತ, ನನಗೆ ಸ್ವಲ್ಪ ತಿಳಿಯುತ್ತದೆ ಎಂದ.

ಗುರುಪಾದಪ್ಪ ಅಂದರೆ ಕುಳ್ಳಗಿನ, ದುಂಡುಮುಖದ, ಧೋತರದ ಮೇಲೆ ಕೋಟು ಹಾಕುವ ಮನುಷ್ಯ. ನಂದಗಡದವನು. ಮನೆ ಖಾನಾಪುರದಲ್ಲೇ, ಸ್ಟೇಷನ್ನಿನ ಹಿಂದೆ. ಅಂಗಿಯ ಕಿಸೆಯಲ್ಲಿ ಯಾವಾಗಲೂ ನಿಪ್ಪಾಣಿಯ ತಪಕೀರಿನ ಡಬ್ಬಿ. ಅರ್ಧ ತಾಸಿಗೊಮ್ಮೆ ಒಂದು ಚಿಟಿಕೆ ಮೂಗಿಗೆ ಏರಿಸಿ, ಕಣ್ಣಲ್ಲಿ ನೀರು ತಂದುಕೊಂಡು, ಆಹಾ ಎನ್ನುವುದು ಅವನ ಜೀವನದ ದೊಡ್ಡ ಸುಖ. ಸಣ್ಣ ಸುಖ ವಾರಕ್ಕೊಮ್ಮೆ ಒಂದು ಗ್ಲಾಸು. ಅದಕ್ಕೂ ಒಂದು ಶಿಸ್ತು. ಮೊದಲು ಕೊರಳಿನ ಲಿಂಗದ ಕರಡಿಗೆಯನ್ನು ಬಿಚ್ಚಿ ದೇವರ ಜಗಲಿಯ ಮೇಲಿನ ಗೂಟಕ್ಕೆ ತೂಗು ಹಾಕುತ್ತಿದ್ದ, ಆಮೇಲೆ ಗ್ಲಾಸು ಹಿಡಿಯುತ್ತಿದ್ದ. ಗೂಟದ ಮೇಲೆ ಕರಡಿಗೆ ಕಂಡರೆ ಇವತ್ತು ಇವರ ಶನಿವಾರ ಎಂದು ಅವನ ಹೆಂಡತಿ ಕಾಶವ್ವ ತಿಳಿದುಕೊಳ್ಳುತ್ತಿದ್ದಳಂತೆ. ಲಿಂಗ ಕೊರಳಲ್ಲೇ ಇಟ್ಟುಕೊಂಡು ಕುಡಿಯುವ ನಮ್ಮಂಥವರಿಗಿಂತ ಅವನು ಎಷ್ಟೋ ಮೇಲು ಎಂದು ಆಗ ನನಗೆ ಹೊಳೆಯಲಿಲ್ಲ. ನಗು ಬರುತ್ತಿತ್ತು.

ಅಂದಿನಿಂದ ದುಂಡಪ್ಪನ ಬಾಟಲಿಗಳು ನೇರ ಗುರುಪಾದಪ್ಪನ ಮನೆಗೆ ಹೋಗತೊಡಗಿದವು. ಎರಡು ದಿನಕ್ಕೆ ಅವನು ಬಂದು ತೀರ್ಪು ಕೊಡುತ್ತಿದ್ದ: ಇವು ಮೂರು ಖರೇ, ಇವು ಐದು ತಿರುಗಿ ಕಳಿಸುವಂಥವು. ಹತ್ತು ವರ್ಷದಲ್ಲಿ ಒಂದು ತೀರ್ಪೂ ತಪ್ಪಲಿಲ್ಲ. ಯಾವ ಇಂಜಿನಿಯರನೂ ತಲೆ ಹಿಡಿದುಕೊಳ್ಳಲಿಲ್ಲ. ಗುರುಪಾದಪ್ಪನ ಹೆಸರು ಬೆಳಗಾವಿ ದಾರಿಯ ಮಚ್ಛೆಯ ಕಾರ್ಖಾನೆಗಳ ತನಕ ಹಬ್ಬಿತು. ಅಲ್ಲಿಯ ಸಾಹುಕಾರರು ಮಗಳ ಮದುವೆಗೋ ಮಗನ ಲೈಸನ್ಸಿಗೋ ಬಾಟಲಿ ಬೇಕಾದರೆ ಖಾನಾಪುರಕ್ಕೆ ಕಾರು ಕಳಿಸುತ್ತಿದ್ದರು. ನಮ್ಮ ಗುರುಪಾದಪ್ಪ ಕೋಟು ಹಾಕಿಕೊಂಡು, ಹಿಂದಿನ ಸೀಟಿನಲ್ಲಿ ಮಂತ್ರಿಯ ಹಾಗೆ ಕೂತು ಹೋಗುತ್ತಿದ್ದ.

ಅವನ ಉಪದೇಶ ಕೇಳಲು ಸಂಜೆ ಹೊತ್ತು ಸ್ಟೋರಿನಲ್ಲಿ ಜನ ಸೇರುತ್ತಿದ್ದರು. ದಿನಾ ಕುಡಿಯುವವನು ದೊಡ್ಡ ಹೆಸರಿನ ಹಿಂದೆ ಹೋಗಬಾರದು ಎನ್ನುತ್ತಿದ್ದ. ಪೆಟ್ಟಿಗೆಗೆ ದುಡ್ಡು ಕೊಡಬೇಡ, ಪೆಟ್ಟಿಗೆ ಕುಡಿಯಲು ಬರುವುದಿಲ್ಲ. ಚೀಟಿಯ ಮೇಲೆ ಬರೆದ ವರ್ಷ ಎಣಿಸಬೇಡ. ಹುಡುಕುವುದಾದರೆ ಸೇತುವೆಯ ಚಿತ್ರದ ಬಾಟಲಿ ಹುಡುಕು. ನೂರಾ ಹತ್ತು ರೂಪಾಯಿಗೆ ಬರುತ್ತದೆ, ಯಾರಿಗೂ ಅದರ ಹೆಸರು ಗೊತ್ತಿಲ್ಲ, ಅದಕ್ಕೇ ಅದನ್ನು ಯಾರೂ ಖೋಟಾ ಮಾಡುವುದಿಲ್ಲ. ಸೋಡಾ ಹಾಕಿದರೂ ಸೈ, ನೀರು ಹಾಕಿದರೂ ಸೈ. ಕಿರೀಟದ ಬಾಟಲಿ ಇನ್ನೂರಾ ಇಪ್ಪತ್ತು; ಅದರಲ್ಲಿ ಹತ್ತಕ್ಕೆ ಒಂಬತ್ತು ಸುಟ್ಟ ಬೆಲ್ಲದ ನೀರು. ಇದನ್ನೆಲ್ಲ ಹೇಳುವಾಗ ಅವನು ನನ್ನ ಕಡೆ ನೋಡುತ್ತಿರಲಿಲ್ಲ, ಆದರೂ ನನಗೇ ಹೇಳಿದ ಹಾಗಾಗುತ್ತಿತ್ತು. ಸೇತುವೆಯಂತೆ! ಹಂಚಿನ ಧೂಳಿನಲ್ಲಿ ಬಾಳಿದವನಿಗೆ ಕಿರೀಟದ ರುಚಿ ಏನು ಗೊತ್ತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡು ಆರೂಮುಕ್ಕಾಲರ ರೈಲು ಹಿಡಿಯುತ್ತಿದ್ದೆ.

ಹೀಗೆ ನಾಲಿಗೆಯ ಬಲದಿಂದ ಅವನು ಮ್ಯಾನೇಜರನಾದ. ನಾನು ಅವನಿಗೆ ಎದ್ದು ನಿಂತು ನಮಸ್ಕಾರ ಮಾಡುವವನಾದೆ.

೧೯೮೪ರ ಬೇಸಿಗೆಯಲ್ಲಿ ಸ್ಟೋರಿನ ಗೋಣಿಚೀಲಗಳ ಹಿಂದೆ ಒಂದು ಹೆಗ್ಗಣ ಸತ್ತಿತು. ಎರಡು ದಿನವಾಗುವಷ್ಟರಲ್ಲಿ ಆ ಕಡೆ ಸುಳಿಯುವಂತಿರಲಿಲ್ಲ. ಕೂಲಿಯವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದರು. ನಾನು ರಿಜಿಸ್ಟರಿಗೆ ಸಹಿ ಹಾಕಿಸಲು ಒಳಗೆ ಕಾಲಿಟ್ಟವನು ವಾಂತಿ ಬಂದು ಹೊರಗೆ ಬಂದೆ. ಮ್ಯಾನೇಜರನಾದ ಮೇಲೂ ಸ್ಟೋರಿನಲ್ಲೇ ಉಣ್ಣುವ ರೂಢಿ ಬಿಡದ ಗುರುಪಾದಪ್ಪ ಅದೇ ಚೀಲಗಳ ಪಕ್ಕದಲ್ಲಿ ಬುತ್ತಿ ಬಿಚ್ಚಿಕೊಂಡು, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ, ನೆಮ್ಮದಿಯಾಗಿ ಉಣ್ಣುತ್ತಿದ್ದ. ಬರ್ರಿ ಬಸಲಿಂಗಪ್ಪನವರ, ಒಂದು ತುತ್ತು ಉಣ್ರಿ ಎಂದು ನನ್ನನ್ನೂ ಕರೆದ.

ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತು ಯೋಚಿಸಿದೆ. ಮೂವತ್ತು ವರ್ಷದ ತಪಕೀರು! ಆ ಮೂಗಿನಲ್ಲಿ ಏನು ಉಳಿದಿರಲು ಸಾಧ್ಯ? ಹೆಗ್ಗಣದ ವಾಸನೆ ಬಾರದವನಿಗೆ ಸ್ಕಾಟ್ಲೆಂಡಿನ ವಾಸನೆ ಬರುತ್ತದೆಯೇ? ನನಗೆ ಅಂದು ಆದ ಸಂತೋಷ ಮಗ ಹುಟ್ಟಿದಾಗಲೂ ಆಗಿರಲಿಲ್ಲ.

ಮುಂದಿನ ಸಲ ದುಂಡಪ್ಪನ ಲಾರಿ ಬಂದ ಮರುದಿನ ಬೆಳಿಗ್ಗೆ, ಸಹಿಯ ನೆವ ಮಾಡಿಕೊಂಡು ನಾನು ಗುರುಪಾದಪ್ಪನ ಮನೆಗೆ ಹೋದೆ. ಮುಂದಿನ ಬಾಗಿಲು ತೆರೆದಿತ್ತು. ಕೂಗಲಿಲ್ಲ. ನೇರವಾಗಿ ಹಿತ್ತಲಿಗೆ ಕಾಣುವ ಓಣಿಯಂಥ ಮನೆ. ಹಿತ್ತಲಿನ ಕಟ್ಟೆಯ ಮೇಲೆ ಎಂಟು ಬಾಟಲಿ ಸಾಲಾಗಿ ನಿಂತಿದ್ದವು. ಕಾಶವ್ವ, ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಸೆರಗು, ಒಂದೊಂದರಿಂದ ಒಂದು ಹನಿ ಎಡಗೈಯ ಹಿಂಬದಿಗೆ ಹಾಕಿಕೊಂಡು, ಬಲಗೈ ಬೆರಳಿನಿಂದ ತಿಕ್ಕಿ, ಗಾಳಿಗೆ ಒಂದು ಗಳಿಗೆ ಹಿಡಿದು, ಮೂಸುತ್ತಿದ್ದಳು. ನಂದಗಡದ ಸಂತೆಯಲ್ಲಿ ಹೆಂಗಸರು ಬೆಣ್ಣೆ ಪರೀಕ್ಷೆ ಮಾಡುವುದು ಹೀಗೆಯೇ. ಕೈಯ ಹಿಂಬದಿಗೆ ಒಂದಿಷ್ಟು ತಿಕ್ಕಿ ನೋಡದೆ ಯಾವ ಹೆಂಗಸೂ ಬೆಣ್ಣೆ ಕೊಳ್ಳುವುದಿಲ್ಲ. ಎದುರಿಗೆ ನಮ್ಮ ಮ್ಯಾನೇಜರ್ ಸಾಹೇಬರು ಪೆನ್ಸಿಲ್ಲು ಹಿಡಿದು, ಕನ್ನಡ ಸಾಲಿಯ ಎರಡನೆಯ ಇಯತ್ತೆಯವರ ಹಾಗೆ, ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು.

“ಇದು ಬೆಲ್ಲ ಸುಟ್ಟಿದ್ದು,” ಎಂದಳು ಕಾಶವ್ವ. “ಘಾಟು ಹಾರಿದ ಮ್ಯಾಲೆ ಏನೂ ಉಳಿವಲ್ದು. ಈ ಸೇತುವಿದು ಖರೇದು ನೋಡ್ರಿ. ಭಟ್ಟಿ ಹೊಗಿ ಐತಿ, ಹಸಿ ಕಟಗಿ ಐತಿ, ಹಿಂದ ಹುರಿದ ಕಾಳಿನ ವಾಸನಿ ಐತಿ. ಹೆಸರಿದ್ದಲ್ಲೇ ಕಲಬೆರಕಿ ಮಾಡ್ತಾರ್ರಿ. ಸಂತ್ಯಾಗ ಹೆಸರಾದ ಊರಿನ ಬೆಣ್ಯಾಗ ವನಸ್ಪತಿ ಇರ್ತೈತಿ, ಹೆಸರಿಲ್ಲದ ಮುದಕಿ ಬೆಣ್ಯಾಗ ಇರೂದಿಲ್ಲ.”

ಆಮೇಲೆ ಹುಣಸೆಹಣ್ಣು ಹಚ್ಚಿ ಕೈ ತೊಳೆದು, ಹೊಸದಾಗಿ ವಿಭೂತಿ ಇಟ್ಟುಕೊಂಡು ಒಳಗೆ ಹೋದಳು. ಒಂದು ಹನಿಯೂ ನಾಲಿಗೆಗೆ ಮುಟ್ಟಿಸಿರಲಿಲ್ಲ. ಮೂರು ಜಿಲ್ಲೆಯ ಇಂಜಿನಿಯರುಗಳ ಆರೋಗ್ಯ ಹತ್ತು ವರ್ಷ ಈ ಹೆಂಗಸಿನ ಕೈಯ ಹಿಂಬದಿಯಲ್ಲಿತ್ತು. ನಾನು ಸದ್ದಿಲ್ಲದೆ ತಿರುಗಿ ಬಂದೆ. ಆಗಲೇ ಕುರ್ಚಿ ನನ್ನ ಕಣ್ಣಿಗೆ ಕಾಣುತ್ತಿತ್ತು.

ಹೋಗಿ ಚಾಡಿ ಹೇಳುವಷ್ಟು ಕೀಳು ಮನುಷ್ಯ ನಾನಲ್ಲ. ಗುರುಪಾದಪ್ಪ ತಾನೇ ಬೀಳುವಂತೆ ಮಾಡುವಷ್ಟು ಮಾತ್ರ ಕೀಳು.

ಸಂದರ್ಭ ತಾನಾಗಿಯೇ ಬಂತು. ಸರಕಾರಿ ಮನೆಗಳ ಯೋಜನೆಗೆ ನಾಲ್ಕು ಲಕ್ಷ ಹಂಚು ಬೇಕಾಗಿತ್ತು. ಆ ಆರ್ಡರು ಸಿಕ್ಕರೆ ಕಾರ್ಖಾನೆ ಐದು ವರ್ಷ ಉಸಿರಾಡುತ್ತದೆ, ಇಲ್ಲದಿದ್ದರೆ ಒಂದು ಭಟ್ಟಿ ಆರಿಸಬೇಕು ಎಂಬಂಥ ಸ್ಥಿತಿ. ಆರ್ಡರು ಕೊಡಬೇಕಾದ ಇಂಜಿನಿಯರ್ ಸಾಹೇಬರು ಒಂದು ರವಿವಾರ ಮಧ್ಯಾಹ್ನ ಊಟಕ್ಕೆ ಬರಲು ಒಪ್ಪಿದರು. ಊಟ ಗೆಸ್ಟ್ ಹೌಸಿನಲ್ಲಿ, ಅಡಿಗೆ ಕಾಶವ್ವನದು. ಬೆಳಗಾವಿಯಿಂದ ಸಾಹೇಬರನ್ನು ಕಾರಿನಲ್ಲಿ ಕರೆತರುವ ಕೆಲಸ ನನ್ನದು.

ದಾರಿಯುದ್ದಕ್ಕೂ ನಾನು ಗುರುಪಾದಪ್ಪನ ಗುಣಗಾನ ಮಾಡಿದೆ. ಜಗತ್ತಿನ ಯಾವ ಸ್ಕಾಚನ್ನಾದರೂ ಕಣ್ಣು ಕಟ್ಟಿ ಮುಂದಿಟ್ಟರೆ ಹೆಸರು ಹೇಳುತ್ತಾನೆ ಎಂದೆ. ಸಾಹೇಬರು ಕೂಡ ತಮಗೆ ಸ್ಕಾಚ್ ಚೆನ್ನಾಗಿ ಗೊತ್ತೆಂದು ತಿಳಿದವರು. ಮುಂಬೈಯ ಭಾವಮೈದುನ ಕೊಟ್ಟ ಕಿರೀಟದ ಬಾಟಲಿ ಅವರ ಚೀಲದಲ್ಲೇ ಇತ್ತು. ನೋಡೋಣ, ಪರೀಕ್ಷೆ ಮಾಡಿಯೇ ಬಿಡೋಣ ಎಂದರು. ಮಚ್ಛೆ ದಾಟುವಷ್ಟರಲ್ಲಿ ಮೂರು ಗ್ಲಾಸಿನ ಯೋಜನೆ ಪೂರ್ತಿಯಾಗಿತ್ತು. ಒಂದರಲ್ಲಿ ಸಾಹೇಬರ ಕಿರೀಟ, ಒಂದರಲ್ಲಿ ನಮ್ಮ ಸೇತುವೆ, ಒಂದರಲ್ಲಿ ಖಾನಾಪುರದ ಅಂಗಡಿಯ ಮೂವತ್ತು ರೂಪಾಯಿಯ ವಿಸ್ಕಿ. ಅಂಗಡಿಯದನ್ನು ನಾನು ಮೊದಲೇ ತರಿಸಿಟ್ಟಿದ್ದೆ.

ಗೆಸ್ಟ್ ಹೌಸಿನಲ್ಲಿ ನಾನೇ ಮೂರು ಗ್ಲಾಸು ಸುರುವಿದೆ. ಸಾಹೇಬರ ಒತ್ತಾಯಕ್ಕೆ ಅವರ ಕಿರೀಟದ ಒಂದು ಗುಟುಕು ನಾನೂ ಕುಡಿದು, ಕಣ್ಣು ಮುಚ್ಚಿ, ಇದೇ ನೋಡ್ರಿ ಖರೇ ಸ್ಕಾಚ್, ರಾಜ ಅಂದರೆ ಇದು ಎಂದೆ. ಮುಖಸ್ತುತಿಗಾಗಿ ಅಲ್ಲ, ನಿಜವಾಗಿಯೂ ಹಾಗೇ ಅನಿಸಿತ್ತು. ನನ್ನ ಅಟ್ಟದ ಮೇಲಿನದರ ಹಾಗೇ ಇತ್ತು. ಆದಿನಾಥ ಅಣ್ಣಾ ಅವರು ಪಡಸಾಲೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದರು. ಗುರುಪಾದಪ್ಪನನ್ನು ಕರೆದು ಮೂರು ಗ್ಲಾಸು ಮುಂದಿಟ್ಟು, ಯಾವುದು ಯಾವುದೆಂದು ಹೇಳಬೇಕು ಎಂದು ಸಾಹೇಬರು ನಗುತ್ತ ಹೇಳಿದರು. ಹೇಳಿದರೆ ಆರ್ಡರು ಇವತ್ತೇ ಸಹಿ ಎಂದೂ ಸೇರಿಸಿದರು. ಅಷ್ಟನ್ನು ನಾನು ಹೇಳಿಕೊಟ್ಟಿರಲಿಲ್ಲ.

ಗುರುಪಾದಪ್ಪ ಮೂರೂ ಗ್ಲಾಸುಗಳನ್ನು ನೋಡಿದ. ಬಣ್ಣ ಮೂರರದೂ ಒಂದೇ. ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದ. ಅವನ ಹಣೆಯ ಮೇಲೆ ಬೆವರು ಬರುವುದು ನನಗೆ ಕಂಡಿತು. ಅಡಿಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದ, ನನ್ನ ಕಡೆ ಒಮ್ಮೆ ನೋಡಿದ. ನನಗೆ ಗೊತ್ತು ಎಂಬುದು ಆ ಕ್ಷಣದಲ್ಲಿ ಅವನಿಗೆ ಗೊತ್ತಾಯಿತು ಎಂದು ನಾನು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ. ಏನೋ ಒಂದು ಹೇಳಿ ಬಿಡುತ್ತಾನೆ, ಮೂರರಲ್ಲಿ ಒಂದಾದರೂ ತಪ್ಪುತ್ತದೆ ಎಂದು ನಾನು ಕಾಯುತ್ತಿದ್ದೆ. ಅವನು ಗ್ಲಾಸನ್ನು ಕೆಳಗಿಟ್ಟ.

“ಸಾಹೇಬರ, ನನಗ ವಾಸನಿ ಬರೂದಿಲ್ರಿ,” ಎಂದ. “ಹನ್ನೆರಡು ವರ್ಷಾತು. ತಪಕೀರು ಮೂಗ ತಿಂದಬಿಟ್ಟೈತಿ. ಇಷ್ಟ ದಿನ ಆರಿಸಿದಾಕಿ ನನ್ನ ಹೇಂತಿ. ನಾ ಬರೇ ಬಂದು ಹೇಳಾಂವ.”

ಸಾಹೇಬರು ಗಟ್ಟಿಯಾಗಿ ನಕ್ಕರು. ದೊಡ್ಡ ವಿದ್ವಾಂಸರು ಹೀಗೇ ವಿನಯದಿಂದ ಮಾತಾಡುತ್ತಾರೆ ಎಂದರು. ಆದಿನಾಥ ಅಣ್ಣಾ ಅವರು ಮಾತ್ರ ನಗಲಿಲ್ಲ. ಬಾಟಲಿ ತೆರೆದ ಕೋಣೆಯ ಕಡೆ ಅವರು ಮುಖ ತಿರುಗಿಸಿದ್ದು ನಾನು ನೋಡಿದ್ದು ಅದೊಂದೇ ಸಲ.

ಗುರುಪಾದಪ್ಪ ಕಾಶವ್ವನನ್ನು ಕರೆದ. ಅವಳು ಹಿಟ್ಟಿನ ಕೈ ಒರೆಸಿಕೊಂಡು, ಸೆರಗು ಎಳೆದುಕೊಂಡು ಬಂದಳು. ಗಂಡನ ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. ಪರಗಂಡಸರ ಮುಂದೆ, ಮಾಲಕರ ಮುಂದೆ, ಒಂದೊಂದು ಗ್ಲಾಸಿಗೆ ಬೆರಳ ತುದಿ ಅದ್ದಿ ಕೈಯ ಹಿಂಬದಿಗೆ ತಿಕ್ಕಿ ಮೂಸಿದಳು. ನಡುವೆ ಒಂದೊಂದು ಸಲ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒಳಗೆ ಒಲೆಯ ಮೇಲೆ ಹೋಳಿಗೆ ಸೀಯುವ ವಾಸನೆ ಬರುತ್ತಿತ್ತು, ಅದು ಗುರುಪಾದಪ್ಪನೊಬ್ಬನನ್ನು ಬಿಟ್ಟು ಎಲ್ಲರಿಗೂ ಬರುತ್ತಿತ್ತು.

“ನಡಬರಕಿಂದು ನಮ್ಮ ಸೇತುವಿದು,” ಎಂದಳು. “ಈ ಎರಡೂ ಬಾಜೂದಾವು ಒಂದಽ ರೀ, ಸುಟ್ಟ ಬೆಲ್ಲ. ಆದರ ಈ ಕಡೀದಕ್ಕ ಮ್ಯಾಲೆ ಒಂಚೂರು ಅತ್ತರದಂಥಾದ್ದೇನೋ ಹಾಕ್ಯಾರು.”

ಅತ್ತರಿನದು ಸಾಹೇಬರ ಕಿರೀಟ. ನಾನು ಈಗಷ್ಟೇ ರಾಜ ಎಂದು ಕಣ್ಣು ಮುಚ್ಚಿ ಹೊಗಳಿದ್ದು.

ಸಾಹೇಬರ ಮುಖ ಹಸಿ ಹಂಚಿನ ಬಣ್ಣಕ್ಕೆ ತಿರುಗಿತು. ಆದರೆ ಅವರು ನನ್ನಷ್ಟು ಮೂರ್ಖರಾಗಿರಲಿಲ್ಲ. ಬೇರೆ ಯಾವ ಕಾರ್ಖಾನೆಯಲ್ಲೂ ತಮಗೆ ಖರೇದು ಸಿಗಲಾರದು ಎಂಬುದು ಅವರಿಗೆ ಹೊಳೆದಿರಬೇಕು. ನಡುವಿನ ಗ್ಲಾಸನ್ನು ಖಾಲಿ ಮಾಡಿ, ಊಟ ಮಾಡಿ, ಸಹಿ ಹಾಕಿ, ಸೇತುವೆಯ ಎರಡು ಬಾಟಲಿಗಳನ್ನು ಚೀಲದಲ್ಲಿಟ್ಟುಕೊಂಡು ಹೋದರು. ಮುಂಬೈಯ ಬಾಟಲಿಯನ್ನು ಮೇಜಿನ ಮೇಲೆಯೇ ಬಿಟ್ಟುಹೋದರು. ಹೀಗೆ ಆರ್ಡರು ತಂದುಕೊಟ್ಟವಳು ಕಾಶವ್ವ. ಅವಳಿಗೆ ಸಿಕ್ಕಿದ್ದು ಸೀದ ಹೋಳಿಗೆಗೆ ಒಂದು ಚುಚ್ಚು ಮಾತು.

ಮರುದಿನ ಅಣ್ಣಾ ಅವರು ಗುರುಪಾದಪ್ಪನನ್ನು ಕರೆದು, ನಾಲಿಗೆಗೆ ಕೊಟ್ಟ ಕುರ್ಚಿ ಇದು, ನಾಲಿಗೆ ಇಲ್ಲವೆಂದ ಮೇಲೆ ಕುರ್ಚಿ ಹೇಗೆ ಎಂದರಂತೆ. ಹತ್ತು ವರ್ಷ ತಮಗೆ ಸುಳ್ಳು ಹೇಳಿದ್ದು ಅವರಿಗೆ ನೋವಾಗಿತ್ತು. ಖರೇ ಹೇಳಿದ್ದು ಕೂಡ ಅವನೇ ಎಂಬುದನ್ನು ಅವರು ಎಣಿಸಲಿಲ್ಲ. ಕಾಶವ್ವನನ್ನು ಕುರ್ಚಿಯಲ್ಲಿ ಕೂರಿಸುವ ವಿಚಾರವಂತೂ ಯಾರ ತಲೆಗೂ ಬರಲಿಲ್ಲ, ನನ್ನ ತಲೆಗೂ ಬರಲಿಲ್ಲ. ಗುರುಪಾದಪ್ಪ ಸ್ಟೋರಿಗೆ ಮರಳಿದ. ನಾನು ಮ್ಯಾನೇಜರನಾದೆ. ಇಲ್ಲಿ ನನಗೆ ನಾಚಿಕೆಯಾಯಿತೆಂದು ಬರೆದರೆ ಚೆಂದ ಕಾಣುತ್ತದೆ. ಆಗಲಿಲ್ಲ. ಬಹಳ ಖುಷಿಯಾಯಿತು. ಕುರ್ಚಿಗೆ ಹೊಸ ಬೆತ್ತ ಹಾಕಿಸಿದೆ.

ಖುಷಿ ಮೂರು ವಾರ ಇತ್ತು. ಆಮೇಲೆ ದುಂಡಪ್ಪನ ಲಾರಿ ಬಂತು. ಎಂಟು ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟು, ಬಾಟಲಿ ಆರಿಸುವುದು ಮ್ಯಾನೇಜರರ ಕೆಲಸ, ಮಾಲಕರು ಇನ್ನು ಮೇಲೆ ನಿಮಗೇ ಕೊಡಲು ಹೇಳಿದ್ದಾರೆ ಎಂದ. ಸಂಜೆ ಒಬ್ಬನೇ ಬಾಗಿಲು ಹಾಕಿಕೊಂಡು ಎಂಟನ್ನೂ ರುಚಿ ನೋಡಿದೆ. ಎಂಟೂ ರಾಜರೇ. ಕೈಯ ಹಿಂಬದಿಗೆ ತಿಕ್ಕಿ ಮೂಸಿದೆ. ಕೈಯ ವಾಸನೆ ಬಂತು.

ನಾಚಿಕೆ ಬಿಟ್ಟು ಮರುದಿನ ಬೆಳಿಗ್ಗೆ ಕೈಚೀಲದಲ್ಲಿ ಬಾಟಲಿಗಳನ್ನಿಟ್ಟುಕೊಂಡು ಗುರುಪಾದಪ್ಪನ ಮನೆಗೆ ಹೋದೆ. ಈ ಸಲ ಬಾಗಿಲಲ್ಲಿ ನಿಂತು ಕೂಗಿದೆ. ಗುರುಪಾದಪ್ಪ ಪಡಸಾಲೆಯಲ್ಲಿ ತಪಕೀರು ಏರಿಸುತ್ತ ಕೂತಿದ್ದ. ಬರ್ರಿ, ಕುಂದರ್ರಿ ಎಂದು ಚಾಪೆ ಹಾಸಿದ. ಒಂದು ಬಿರುಸು ಮಾತಾಡಿದ್ದರೆ ನನಗೆ ಹಗುರಾಗುತ್ತಿತ್ತು, ಅವನು ಆಡಲಿಲ್ಲ. ಕುರ್ಚಿ ಹೋದ ಮೇಲೆ ನಿದ್ದೆ ಚೆನ್ನಾಗಿ ಬರುತ್ತದೆ ಎಂದ. ಕಾಶವ್ವ ಚಹಾ ತಂದಿಟ್ಟಳು. ನಾನು ಚೀಲ ಮುಂದೆ ಸರಿಸಿ, ವೈನಿ, ಇದೊಂದಿಷ್ಟು ನೋಡಬೇಕಿತ್ತು ಎಂದೆ.

“ನಾ ಅವರ ಸಲುವಾಗಿ ನೋಡ್ತಿದ್ನಿರಿ, ಅಣ್ಣಾರ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನಿಮ್ಮ ಮನ್ಯಾಗೂ ಬೆಣ್ಣಿ ನೋಡಿ ತಗೊಳ್ಳೋ ಹೆಣಮಗಳು ಅದಾಳಲ್ಲ. ಆಕೀನ ಕೇಳ್ರಿ.”

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಶಿವಲಿಂಗವ್ವನನ್ನು ಯಾವ ವಿಷಯಕ್ಕೂ ಏನೂ ಕೇಳಿದವನಲ್ಲ. ಅಡಿಗೆ ಆಯಿತೇ ಎಂದು ಕೇಳಿದ್ದನ್ನು ಲೆಕ್ಕಕ್ಕೆ ಹಿಡಿದರೆ ಕೇಳಿದ್ದೇನೆ. ಅಂದು ಸಂಜೆ ಬೆಳಗಾವಿಯ ಮನೆಯಲ್ಲಿ, ಅವಳು ಬದನೆಕಾಯಿ ಹೆಚ್ಚುತ್ತಿದ್ದಾಗ, ಎಂಟು ಬಾಟಲಿ ಮುಂದಿಟ್ಟೆ. ಕಾರ್ಖಾನೆಯ ಕೆಲಸ ಎಂದೆ. ಬೆಣ್ಣೆ ನೋಡುವ ಹಾಗೆ ನೋಡಬೇಕು ಎಂದೆ. ಏಕೆ, ಏನು ಎಂದು ಅವಳು ಒಂದು ಮಾತೂ ಕೇಳಲಿಲ್ಲ. ಈಳಿಗೆ ಬದಿಗೆ ಸರಿಸಿ, ಕೈ ತೊಳೆದು ಬಂದು, ಒಂದೊಂದನ್ನೇ ತಿಕ್ಕಿ, ಗಾಳಿಗೆ ಹಿಡಿದು, ಮೂಸಿ, ಎರಡನ್ನು ಈ ಕಡೆ ಇಟ್ಟಳು, ಆರನ್ನು ಆ ಕಡೆ. ಈ ಕಡೆ ಇಟ್ಟ ಎರಡೂ ಸೇತುವೆಯವು. ಮತ್ತೆ ಈಳಿಗೆ ಎಳೆದುಕೊಂಡು ಕೂತಳು.

“ಅಟ್ಟದ ಮ್ಯಾಲಿಂದೂ ಈ ಆರರ ಜಾತೀದಽ,” ಎಂದಳು, ತಲೆ ಎತ್ತದೆ. “ಬೆಲ್ಲದ್ದು.”

ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಮೊದಲನೆಯ ಬಾಟಲಿಯಿಂದಲೇ ಗೊತ್ತಂತೆ. ಟ್ರಂಕು ಒರೆಸುವಾಗ ಸೋರಿ ಕೈಗೆ ಹತ್ತಿತ್ತಂತೆ. ಹತ್ತು ವರ್ಷ! ವರ್ಷಕ್ಕೆ ಏಳೆಂಟು ಬಾಟಲಿ, ಬಾಟಲಿಗೆ ಇನ್ನೂರಾ ಇಪ್ಪತ್ತು. ಹತ್ತು ವರ್ಷ ನಾನು ಕಣ್ಣು ಮುಚ್ಚಿಕೊಂಡು ಸುಟ್ಟ ಬೆಲ್ಲದ ಕುಲೀನತೆಯನ್ನು ಅನುಭವಿಸಿದ್ದೆ. ಮತ್ತೆ ಹೇಳಬಾರದಿತ್ತೇ ಎಂದೆ.

“ಮೊಣಕಾಲಿಗೆ ಹಚ್ಚಾಕ ಯಾವದಾದರ ಏನ್ರಿ,” ಎಂದಳು ಶಿವಲಿಂಗವ್ವ. “ಕೇಳಿದ್ರ ಹೇಳ್ತಿದ್ನಿ. ನೀವು ಕೇಳಲಿಲ್ಲ.”

ಅಂದು ನನಗೆ ನಿಜವಾಗಿ ನಾಚಿಕೆಯಾಯಿತು. ಗುರುಪಾದಪ್ಪನನ್ನು ಕೆಡವಿದಾಗ ಆಗದಿದ್ದದ್ದು, ಬದನೆಕಾಯಿಯ ಮುಂದೆ ಆಯಿತು.

ಆಮೇಲೆ ಐದು ವರ್ಷ ಶಿವಲಿಂಗವ್ವ ಮೂಸಿದಳು, ನಾನು ಹೇಳಿದೆ. ನನ್ನ ತೀರ್ಪು ಒಂದೂ ತಪ್ಪಲಿಲ್ಲ. ದಿನಾ ಕುಡಿಯುವವನು ಸೇತುವೆ ಕುಡಿಯಬೇಕು, ಪೆಟ್ಟಿಗೆಗೆ ದುಡ್ಡು ಕೊಡಬಾರದು ಎಂದು ಸಂಜೆ ಹೊತ್ತು ನಾನೂ ಉಪದೇಶ ಮಾಡಿದೆ. ಬಸಲಿಂಗಪ್ಪನವರ ನಾಲಿಗೆ ಎಂದು ಮಚ್ಛೆಯ ತನಕ ಹೆಸರಾಯಿತು. ಸ್ಟೋರಿನ ಮೂಲೆಯಲ್ಲಿ ಗುರುಪಾದಪ್ಪ ಕೇಳಿಸಿಕೊಂಡು ತಪಕೀರು ಏರಿಸುತ್ತಿದ್ದ. ಅವನು ಒಂದು ದಿನವೂ ನಗಲಿಲ್ಲ, ಅದೇ ನನಗೆ ತಡೆಯಲಾಗುತ್ತಿರಲಿಲ್ಲ. ನಾಲ್ಕು ಲಕ್ಷ ಹಂಚು ಪಣಕ್ಕಿದ್ದಾಗ, ಮಾಲಕರ ಎದುರು, ಇಂಜಿನಿಯರರ ಎದುರು, ಅವನು ಒಂದೇ ಉಸಿರಿಗೆ ಹೇಳಿದ ಮಾತನ್ನು ನಾನು ಯಾರೂ ಕೇಳದಿದ್ದಾಗ, ಏನೂ ಪಣಕ್ಕಿಲ್ಲದಿದ್ದಾಗ ಕೂಡ ಹೇಳಲಾರದೆ ಹೋದೆ.

೧೯೮೯ರಲ್ಲಿ ಆರ್‌ಸಿಸಿ ಗೆದ್ದಿತು, ಕಾರ್ಖಾನೆ ಮುಚ್ಚಿತು. ಕೊನೆಯ ದಿನ ಭಟ್ಟಿಯ ಮುಂದೆ ಪೆಂಡಾಲು ಹಾಕಿ ಸಣ್ಣ ಸಮಾರಂಭ ಮಾಡಿದರು. ಆದಿನಾಥ ಅಣ್ಣಾ ಅವರು ನನಗೆ ಶಾಲು ಹೊದಿಸಿ, ಇಂಥ ನಾಲಿಗೆ ಈ ಪ್ರಾಂತದಲ್ಲಿ ಇನ್ನೊಂದಿಲ್ಲ ಎಂದು ಹೇಳಿದರು. ನನಗೆ ಮೈಕು ಕೊಟ್ಟರು. ಎದುರಿಗೆ ಮೊದಲ ಸಾಲಿನಲ್ಲಿ ಗುರುಪಾದಪ್ಪ, ಹೆಂಗಸರ ಸಾಲಿನಲ್ಲಿ ಕಾಶವ್ವ, ಅವಳ ಪಕ್ಕದಲ್ಲಿ ಶಿವ​ಲಿಂಗವ್ವ. ಹೇಳಬೇಕೆಂದು ಬಾಯಿ ತೆರೆದೆ. ಎಲ್ಲರಿಗೂ ಧನ್ಯವಾದ ಎಂದು ಕೂತೆ.

ಊಟಕ್ಕೆ ಎಲೆ ಹಾಕಿದರು. ಲಾಡು ಬಡಿಸಿಕೊಂಡು ಬಂದವರು ಶುದ್ಧ ತುಪ್ಪದ್ದು, ಬೆಳಗಾವಿಯ ದೊಡ್ಡ ಅಂಗಡಿಯಿಂದ ತರಿಸಿದ್ದು ಎಂದು ಹೇಳಿ ಎರಡೆರಡು ಇಟ್ಟರು. ಆಚೆಯ ಸಾಲಿನಲ್ಲಿ ಶಿವಲಿಂಗವ್ವ ಒಂದು ಚೂರು ಮುರಿದು, ಕೈಯ ಹಿಂಬದಿಗೆ ತಿಕ್ಕಿ, ಮೂಸಿ, ಕಾಶವ್ವನ ಮುಖ ನೋಡಿದಳು. ಇಬ್ಬರೂ ಲಾಡನ್ನು ಎಲೆಯ ಅಂಚಿಗೆ ಸರಿಸಿದರು. ಗುರುಪಾದಪ್ಪ ನನ್ನ ಪಕ್ಕದಲ್ಲೇ ಕೂತು ಅದನ್ನು ನೋಡಿ, ಬಾಯಿಯ ಹತ್ತಿರ ಒಯ್ದ ಲಾಡನ್ನು ಸುಮ್ಮನೆ ಕೆಳಗಿಟ್ಟ. ನಾನೂ ಕೆಳಗಿಟ್ಟೆ.